ಬೆಂಗಳೂರಿನ ಹೊರವಲಯದಲ್ಲಿ ನೆಲೆ: ಯಾವ ಬಗೆಯ ಬಡಾವಣೆ ಯಾರಿಗೆ ಸರಿ?

ಮೂವತ್ತು-ನಲವತ್ತರ ನಿವೇಶನವೆಂದರೆ 1,200 ಚದರ ಅಡಿ. ಅದು ಆನೇಕಲ್ಲಿನಲ್ಲಿದ್ದರೂ ಅಷ್ಟೇ, ಮಾಗಡಿ ರಸ್ತೆಯಲ್ಲಿದ್ದರೂ ಅಷ್ಟೇ. ಆದರೂ ಒಂದೇ ಊರಿನ ಒಂದೇ ರಸ್ತೆಯ ಎಡಕ್ಕಿರುವ ಸೈಟಿಗೂ ಬಲಕ್ಕಿರುವ ಸೈಟಿಗೂ ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಮೊದಲ ಸಲ ಸೈಟು ನೋಡಲು ಹೊರಟವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಕಡಿಮೆ ಬೆಲೆಯದನ್ನು ಕಂಡವರು ಅದೃಷ್ಟ ಒಲಿಯಿತೆಂದುಕೊಳ್ಳುತ್ತಾರೆ, ಹೆಚ್ಚಿನ ಬೆಲೆ ಹೇಳಿದವನು ಮೋಸ ಮಾಡುತ್ತಿದ್ದಾನೆಂದು ಅನುಮಾನಿಸುತ್ತಾರೆ. ನನ್ನ ಅನುಭವದಲ್ಲಿ ಈ ವ್ಯತ್ಯಾಸದ ಬಹುಪಾಲು ನಾಲ್ಕು ಮೂಲೆಗಲ್ಲುಗಳ ಒಳಗಿನ ನೆಲದ್ದಲ್ಲ, ಕಲ್ಲುಗಳ ಆಚೆಗಿನ ರಸ್ತೆ, ಚರಂಡಿ, ನೀರು ಮತ್ತು ಉದ್ಯಾನದ್ದು.

ಆದ್ದರಿಂದ ಈ ಬರಹದಲ್ಲಿ ಬೇರೆಬೇರೆ ಆಯ್ಕೆಗಳನ್ನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ನಿಮ್ಮ ಕಾಂಪೌಂಡಿನ ಹೊರಗಿನದಕ್ಕೆ ಯಾರು ಹೊಣೆ, ಆ ಹೊಣೆ ಯಾವ ಕಾಗದದಲ್ಲಿ ಬರೆದಿದೆ, ಮತ್ತು ಅದು ಎಲ್ಲಿಯವರೆಗೆ ನಡೆಯುತ್ತದೆ? ಬೆಂಗಳೂರಿನ ಹೊರವಲಯದಲ್ಲಿ ಮಧ್ಯಮ ವರ್ಗದ ಕುಟುಂಬಕ್ಕೆ ಸಾಮಾನ್ಯವಾಗಿ ಸಿಗುವ ದಾರಿಗಳು ಇವು: ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಅಥವಾ ಕರ್ನಾಟಕ ಗೃಹ ಮಂಡಳಿಯ ನಿವೇಶನ, ಗೃಹ ನಿರ್ಮಾಣ ಸಹಕಾರ ಸಂಘದ ನಿವೇಶನ, ಯೋಜನಾ ಪ್ರಾಧಿಕಾರದಿಂದ ಅನುಮೋದನೆ ಪಡೆದ ಖಾಸಗಿ ಬಡಾವಣೆ, ಅಪಾರ್ಟ್‌ಮೆಂಟ್ ಸಮುಚ್ಚಯ, ಮತ್ತು ಎಲ್ಲರ ಬಾಯಲ್ಲೂ ಇರುವ ರೆವಿನ್ಯೂ ಸೈಟು, ಅಂದರೆ ಅನುಮೋದನೆಯಿಲ್ಲದೆ ಸೀಳಿ ಮಾರಿದ ಜಮೀನು.

ಒಂದು ಎಕರೆಯ ಲೆಕ್ಕ

ಹೋಲಿಕೆಗೆ ಇಳಿಯುವ ಮೊದಲು ಒಂದು ಸಣ್ಣ ಲೆಕ್ಕವನ್ನು ಮಾಡಿಕೊಳ್ಳುವುದು ಒಳ್ಳೆಯದು. ಒಂದು ಎಕರೆ ಎಂದರೆ 40 ಗುಂಟೆ, ಅಂದರೆ 43,560 ಚದರ ಅಡಿ. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೆ, ಅದಲ್ಲದೆ ಶೇಕಡಾ 10ಕ್ಕೆ ಕಡಿಮೆಯಿಲ್ಲದಷ್ಟನ್ನು ಶಾಲೆ, ಆಸ್ಪತ್ರೆ ಮುಂತಾದ ನಾಗರಿಕ ಸೌಕರ್ಯಗಳಿಗೆ ಮೀಸಲಿಡಬೇಕು. ರಸ್ತೆಗಳಿಗೆ ಇನ್ನೊಂದು ಕಾಲುಭಾಗ ಹೋಯಿತೆಂದು ಇಟ್ಟುಕೊಂಡರೆ ನಿವೇಶನಗಳಿಗೆ ಉಳಿಯುವುದು ಅರ್ಧ ಎಕರೆ, ಅದರಲ್ಲಿ ಮೂವತ್ತು-ನಲವತ್ತರ ಸೈಟುಗಳು 18 ಮಾತ್ರ ಬರುತ್ತವೆ.

ಅದೇ ಎಕರೆಯನ್ನು ಯಾವ ಅನುಮೋದನೆಯೂ ಇಲ್ಲದೆ, ಇಪ್ಪತ್ತು ಅಡಿಯ ರಸ್ತೆ ಬಿಟ್ಟು, ಉದ್ಯಾನವೆಂಬ ಮಾತನ್ನೇ ಎತ್ತದೆ ಸೀಳಿದರೆ ಐದರಲ್ಲಿ ನಾಲ್ಕು ಪಾಲು ಮಾರಾಟಕ್ಕೆ ಸಿಗುತ್ತದೆ, ಸೈಟುಗಳು 29 ಆಗುತ್ತವೆ. ರೆವಿನ್ಯೂ ಸೈಟು ಅಗ್ಗವಾಗಿರಲು ದೊಡ್ಡ ಕಾರಣ ಆ ಹನ್ನೊಂದು ಸೈಟುಗಳೇ. ನಿಮ್ಮ ಮಕ್ಕಳು ಆಡಬೇಕಾಗಿದ್ದ ಮೈದಾನ, ಅಗ್ನಿಶಾಮಕ ವಾಹನ ತಿರುಗಬೇಕಾಗಿದ್ದ ರಸ್ತೆ, ಬಡಾವಣೆಗೊಂದು ಅಂಗನವಾಡಿ ಬರಬೇಕಾಗಿದ್ದ ಜಾಗ ಎಲ್ಲವೂ ಬೇರೆ ಹನ್ನೊಂದು ಕುಟುಂಬಗಳಿಗೆ ಮಾರಾಟವಾಗಿರುತ್ತವೆ. ಹಾಗೆ ಮಾರಿದ ಜಾಗವನ್ನು ಮತ್ತೆ ಕೊಂಡು ಉದ್ಯಾನ ಮಾಡಿದ ಒಂದು ಬಡಾವಣೆಯನ್ನೂ ನಾನು ನೋಡಿಲ್ಲ.

ಜಯನಗರದ ಮರಗಳ ನೆರಳಿನಲ್ಲಿ ನಡೆದಾಡಿ ಸಂತೋಷಪಡುವವರು ಈ ಲೆಕ್ಕವನ್ನು ನೆನೆಯಬೇಕು. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ಮಂಡಳಿ, ಅಂದರೆ ಸಿಐಟಿಬಿ, ಊರ ಹೊರಗಿನ ಹೊಲಗಳಲ್ಲಿ ಬಡಾವಣೆಯ ಗೆರೆ ಎಳೆಯುವಾಗಲೇ ರಸ್ತೆಗೆ, ಉದ್ಯಾನಕ್ಕೆ, ಮಾರುಕಟ್ಟೆಗೆ ಜಾಗ ಬಿಟ್ಟಿತ್ತು. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರವೂ ಆಗ ಊರ ಹೊರವಲಯವೇ.

ಪ್ರಾಧಿಕಾರ ಮತ್ತು ಗೃಹ ಮಂಡಳಿ

ಸಿಐಟಿಬಿಯ ಉತ್ತರಾಧಿಕಾರಿಯಾದ ಬಿಡಿಎ 1976ರ ಕಾಯ್ದೆಯಿಂದ ಹುಟ್ಟಿತು. ಗೃಹ ಮಂಡಳಿಯು 1962ರ ತನ್ನದೇ ಕಾಯ್ದೆಯಡಿ ರಾಜ್ಯದಾದ್ಯಂತ ಕೆಲಸ ಮಾಡುತ್ತದೆ. ಯಲಹಂಕ ಉಪನಗರ ಮತ್ತು ಆನೇಕಲ್ ತಾಲ್ಲೂಕಿನ ಸೂರ್ಯನಗರ ಅದರದ್ದೇ ಬಡಾವಣೆಗಳು. ಈ ಎರಡು ಸಂಸ್ಥೆಗಳ ದೊಡ್ಡ ಬಲವೆಂದರೆ ಹಕ್ಕುಪತ್ರ. ಸರ್ಕಾರ ಭೂಸ್ವಾಧೀನ ಮಾಡಿ, ನಕ್ಷೆ ಮಾಡಿ, ತಾನೇ ಹಂಚಿಕೆ ಮಾಡುವುದರಿಂದ ಹಿಂದಿನ ಮೂವತ್ತು-ನಲವತ್ತು ವರ್ಷಗಳ ಕ್ರಯಪತ್ರಗಳನ್ನು ಒಂದೊಂದಾಗಿ ಜಾಲಾಡಬೇಕಾದ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಹಂಚಿಕೆಯ ದರವೂ ಮಾರುಕಟ್ಟೆಯ ದರಕ್ಕಿಂತ ಕೆಳಗಿರುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಕಾಲ. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಟಿದ್ದು 2008ರಲ್ಲಿ. ಸುಮಾರು 4,043 ಎಕರೆಗೆ ಅಂತಿಮ ಅಧಿಸೂಚನೆಯಾಗಿದ್ದು 2010ರಲ್ಲಿ. ಮೊದಲ 5,000 ನಿವೇಶನಗಳ ಹಂಚಿಕೆ 2016ರಲ್ಲಿ. ಅದಾದ ಮೇಲೂ ಹಂಚಿಕೆದಾರರು ರಸ್ತೆ, ನೀರು, ವಿದ್ಯುತ್ತಿಗಾಗಿ ವರ್ಷಗಟ್ಟಲೆ ಕಾದರು. ಅರ್ಕಾವತಿ ಬಡಾವಣೆಯ ಕಥೆ ಇನ್ನೂ ದೀರ್ಘವಾದುದು: 2003ರಲ್ಲಿ ಪ್ರಾಥಮಿಕ ಅಧಿಸೂಚನೆ, 2004ರಲ್ಲಿ 2,750 ಎಕರೆಗೆ ಅಂತಿಮ ಅಧಿಸೂಚನೆ, ಆಮೇಲೆ ಹೈಕೋರ್ಟು, 2010ರಲ್ಲಿ ಸುಪ್ರೀಂ ಕೋರ್ಟಿನ ಷರತ್ತುಬದ್ಧ ತೀರ್ಪು, ಅದರ ಬೆನ್ನಿಗೆ ಡಿನೋಟಿಫಿಕೇಷನ್, ಅಂದರೆ ಜಮೀನನ್ನು ಸ್ವಾಧೀನದಿಂದ ಕೈಬಿಟ್ಟ ವಿವಾದಗಳು. ಹಣ ಕಟ್ಟಿ ಸೈಟಿನ ಸಂಖ್ಯೆ ಪಡೆದವರಲ್ಲಿ ಎಷ್ಟೋ ಮಂದಿ ಬದಲಿ ನಿವೇಶನಕ್ಕಾಗಿ ಅಲೆಯಬೇಕಾಯಿತು. ಅವರಲ್ಲಿ ಅನೇಕರು ನಿವೃತ್ತಿಯ ಹೊತ್ತಿಗೆ ಸ್ವಂತ ಮನೆ ಎಂದು ಎಣಿಸಿಕೊಂಡಿದ್ದವರು.

ಷರತ್ತುಗಳನ್ನೂ ಮೊದಲೇ ತಿಳಿದಿರಬೇಕು. ಅರ್ಜಿದಾರರು ಅಥವಾ ಅವರ ಅವಲಂಬಿತ ಕುಟುಂಬದವರು ನಗರದಲ್ಲಿ ಈಗಾಗಲೇ ಮನೆ ಅಥವಾ ನಿವೇಶನ ಹೊಂದಿದ್ದರೆ ಬಿಡಿಎ ಹಂಚಿಕೆಗೆ ಅರ್ಹರಲ್ಲ. ಹಿಂದೆ ಎಷ್ಟು ಬಾರಿ ಅರ್ಜಿ ಹಾಕಿ ನಿರಾಶರಾಗಿದ್ದೀರಿ ಎಂಬುದು ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಹಳೆಯ ಅರ್ಜಿಗಳ ರಶೀದಿಯನ್ನು ಎಸೆಯಬೇಡಿ. ಹಂಚಿಕೆಯಾದಾಗ ಕೈಗೆ ಬರುವುದು ಪೂರ್ಣ ಕ್ರಯಪತ್ರವಲ್ಲ, ಹತ್ತು ವರ್ಷದ ಗುತ್ತಿಗೆ ಮತ್ತು ಮಾರಾಟದ ಕರಾರು; ಅವಧಿ ಮುಗಿದು ಪೂರ್ಣ ಕ್ರಯಪತ್ರವಾಗುವ ಮುನ್ನ ಆ ನಿವೇಶನವನ್ನು ಮಾರುವಂತಿಲ್ಲ. ಈ ಅವಧಿಯೊಳಗಿನ ಸೈಟನ್ನು ಜಿಪಿಎ (ಅಧಿಕಾರ ಪತ್ರ) ಮಾಡಿಕೊಡುತ್ತೇನೆಂದು ಯಾರಾದರೂ ನಿಮಗೆ ಮಾರಲು ಬಂದರೆ ದೂರವಿರಿ. ಕಾಯಲು ಪುರುಸೊತ್ತಿಲ್ಲದೆ ಕೈಯಲ್ಲಿ ಹಣವಿರುವವರಿಗೆ ಬಿಡಿಎ ಹರಾಜು ಹಾಕುವ ಮೂಲೆ ನಿವೇಶನಗಳ ದಾರಿಯೂ ಇದೆ. ಬೆಲೆ ಏರುತ್ತದೆ, ಆದರೆ ಕಾಗದಪತ್ರ ಬೇಗ ಆಗುತ್ತದೆ.

ಸಹಕಾರ ಸಂಘದ ಬಗ್ಗೆ ಕೆಲವೇ ಮಾತು

ಬೆಂಗಳೂರಿನ ಎಷ್ಟೋ ಒಳ್ಳೆಯ ಬಡಾವಣೆಗಳು ನೌಕರರ ಗೃಹ ನಿರ್ಮಾಣ ಸಹಕಾರ ಸಂಘಗಳ ಕೊಡುಗೆ. ಸದಸ್ಯರೆಲ್ಲ ಒಂದೇ ಕಚೇರಿಯವರಾಗಿದ್ದ ಕಾಲದಲ್ಲಿ ಸಂಘವೆಂಬುದು ನಿಜವಾಗಿಯೂ ಸಂಘವಾಗಿತ್ತು. ಆಮೇಲೆ ಮಧ್ಯವರ್ತಿಗಳು ಹೊಕ್ಕರು. 1995ರಲ್ಲಿ ಎಚ್‌ಎಂಟಿ ನೌಕರರ ಗೃಹ ನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಧ್ಯವರ್ತಿಗಳ ಮೂಲಕ ನಡೆದ ಭೂಸ್ವಾಧೀನ ಊರ್ಜಿತವಲ್ಲವೆಂದು ಹೇಳಿತು. ಸ್ವಾಧೀನವೇ ಬಿದ್ದುಹೋದರೆ ಸದಸ್ಯನ ಕೈಯಲ್ಲಿರುವ ಹಂಚಿಕೆ ಪತ್ರಕ್ಕೆ ಬೆಲೆ ಉಳಿಯುವುದಿಲ್ಲ.

ಈಗ ಸಂಘದ ಮೂಲಕ ಕೊಳ್ಳುವುದಾದರೆ ಎರಡು ಸಂಗತಿ ಸಾಕು. ಭೂಮಿ ಸಂಘದ ಹೆಸರಿಗೆ ನೋಂದಣಿಯಾಗಿದೆಯೇ, ಇಲ್ಲವೇ ಇನ್ನೂ ಯಾವನೋ ಡೆವಲಪರ್ ಜೊತೆಗಿನ ಒಪ್ಪಂದದ ಹಂತದಲ್ಲಿದೆಯೇ ಎಂದು ನೋಡಿ. ಕಳೆದ ಮೂರು ವರ್ಷಗಳ ಲೆಕ್ಕ ಪರಿಶೋಧನಾ ವರದಿಯನ್ನು ಸದಸ್ಯನಾಗಿ ಕೇಳಿ ಪಡೆಯಿರಿ. ವರದಿ ಕೊಡಲು ಮೀನಮೇಷ ಎಣಿಸುವ ಸಂಘಕ್ಕೆ ಮುಂಗಡ ಕಟ್ಟಬೇಡಿ.

ಖಾಸಗಿ ಅನುಮೋದಿತ ಬಡಾವಣೆ

ಹೊರವಲಯದಲ್ಲಿ ಸೈಟು ಹುಡುಕುವ ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಇಲ್ಲಿ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಖಾಸಗಿ ಡೆವಲಪರ್ ಕೃಷಿ ಭೂಮಿಯನ್ನು ಕೊಂಡು ಅಥವಾ ರೈತನೊಡನೆ ಪಾಲುದಾರಿಕೆ ಮಾಡಿಕೊಂಡು, ಭೂಪರಿವರ್ತನೆ ಮಾಡಿಸಿ, ಆ ಪ್ರದೇಶದ ಯೋಜನಾ ಪ್ರಾಧಿಕಾರದಿಂದ ವಿನ್ಯಾಸ ನಕ್ಷೆಗೆ ಅನುಮೋದನೆ ಪಡೆಯುತ್ತಾನೆ. ಪ್ರಾಧಿಕಾರ ಯಾವುದೆಂಬುದು ಜಾಗವನ್ನು ಅವಲಂಬಿಸಿದೆ: ಬಿಡಿಎ, ಆನೇಕಲ್ ಯೋಜನಾ ಪ್ರಾಧಿಕಾರ, ವಿಮಾನ ನಿಲ್ದಾಣದ ಸುತ್ತಲಿನ ಬಿಯಾಪ, ಹೊಸಕೋಟೆ, ನೆಲಮಂಗಲ ಹೀಗೆ. ಜಾಹೀರಾತಿನ ಫಲಕದಲ್ಲಿ ‘ಪಂಚಾಯತಿ ಅನುಮೋದಿತ ಬಡಾವಣೆ’ ಎಂದು ಬರೆದಿದ್ದರೆ ಅಲ್ಲಿಗೇ ಮಾತು ಮುಗಿಸಿ ಎದ್ದುಬನ್ನಿ. ಬಡಾವಣೆಯ ವಿನ್ಯಾಸಕ್ಕೆ ಅನುಮೋದನೆ ಕೊಡುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ.

ನಕ್ಷೆಗೆ ಅನುಮೋದನೆ ದೊರೆತ ಮೇಲೆ ಡೆವಲಪರ್ ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಕರ್ಯದ ಜಾಗಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಅದಕ್ಕೊಂದು ನೋಂದಾಯಿತ ಪತ್ರವಾಗುತ್ತದೆ, ಆಡುಮಾತಿನಲ್ಲಿ ರಿಲಿಂಕ್ವಿಶ್‌ಮೆಂಟ್ ಡೀಡ್. ಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಈ ಪತ್ರವನ್ನು ಕೇಳುವುದೇ ಇಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ಸೈಟಿನ ಕ್ರಯಪತ್ರದಷ್ಟೇ ಮುಖ್ಯವಾದ ಕಾಗದ ಇದು. ಇದಿದ್ದರೆ ಉದ್ಯಾನದ ಜಾಗ ಸಾರ್ವಜನಿಕರದ್ದು, ಡೆವಲಪರ್ ನಾಳೆ ಅದನ್ನು ಸೈಟು ಮಾಡಿ ಮಾರಲಾರ. ಇದಿಲ್ಲದಿದ್ದರೆ ಬಣ್ಣದ ಕೈಪಿಡಿಯಲ್ಲಿ ಹಸಿರು ಬಳಿದ ಚೌಕಕ್ಕೆ ಕಾನೂನಿನ ಯಾವ ಆಧಾರವೂ ಇರುವುದಿಲ್ಲ. ಇದರ ಇನ್ನೊಂದು ಮುಖವನ್ನೂ ಹೇಳಬೇಕು: ಹೀಗೆ ಬಿಟ್ಟುಕೊಟ್ಟ ರಸ್ತೆಗಳು ಸಾರ್ವಜನಿಕ ರಸ್ತೆಗಳಾಗುತ್ತವೆ. ‘ಗೇಟೆಡ್ ಬಡಾವಣೆ’ ಎಂದು ಹೆಚ್ಚು ಹಣ ಪಡೆದು ಮಾರಿದವರು ಕಟ್ಟಿಸಿದ ಕಮಾನು ಮತ್ತು ಗೇಟಿಗೆ ಅಂಥ ರಸ್ತೆಯ ಮೇಲೆ ಊರವರನ್ನು ತಡೆಯುವ ಹಕ್ಕಿಲ್ಲ.

ನಿವೇಶನಗಳನ್ನು ಪ್ರಾಧಿಕಾರ ಕಾಮಗಾರಿ ನೋಡಿಯೇ ಮಾರಾಟಕ್ಕೆ ಬಿಡುಗಡೆ ಮಾಡುತ್ತದೆ. ನಿಮಗೆ ತೋರಿಸುತ್ತಿರುವ ಸೈಟಿನ ಸಂಖ್ಯೆ ಬಿಡುಗಡೆ ಪತ್ರದಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಜೊತೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆಯನ್ನು ಕೇಳಿ, ರೇರಾ ಜಾಲತಾಣದಲ್ಲಿ ನೀವೇ ಹುಡುಕಿ. 2016ರ ಕೇಂದ್ರ ಕಾಯ್ದೆಯಂತೆ 500 ಚದರ ಮೀಟರಿಗಿಂತ ದೊಡ್ಡದಾದ ಬಡಾವಣೆಗೆ ನೋಂದಣಿ ಕಡ್ಡಾಯ, ಕೊಳ್ಳುವವರಿಂದ ಬಂದ ಹಣದ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು, ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಸದಿದ್ದರೆ ಹಣವನ್ನು ಬಡ್ಡಿಸಮೇತ ಹಿಂದಕ್ಕೆ ಕೇಳುವ ಹಕ್ಕು ನಿಮಗಿದೆ.

ಕಾಗದಗಳೆಲ್ಲ ಸರಿಯಿದ್ದೂ ನೆಲದ ಮೇಲೆ ಏನಾಗಬಹುದೆಂಬುದಕ್ಕೆ ನಾನು ಕಂಡದ್ದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಭಾದ್ರಪದದ ಮಳೆ ಹಿಡಿದುಕೊಂಡಿದ್ದ ಒಂದು ಭಾನುವಾರ, ನನ್ನ ಭಾವನವರೊಂದಿಗೆ ಆನೇಕಲ್ ಕಡೆಯ ಒಂದು ಬಡಾವಣೆಗೆ ಹೋಗಿದ್ದೆ. ನಕ್ಷೆ, ಭೂಪರಿವರ್ತನೆ, ರೇರಾ ಎಲ್ಲವೂ ಇದ್ದವು. ರಸ್ತೆಗೆ ಡಾಂಬರು ಬಿದ್ದಿತ್ತು, ಎರಡೂ ಬದಿಗೆ ಹೊಂಗೆ ಸಸಿ ನೆಟ್ಟಿದ್ದರು, ಪ್ರತಿ ಸೈಟಿನ ಮುಂದೆ ಒಳಚರಂಡಿಯ ಮುಚ್ಚಳ ಹೊಸದಾಗಿ ಹೊಳೆಯುತ್ತಿತ್ತು. ಭಾವನವರು ಮುಂಗಡಕ್ಕೆಂದು ಚೆಕ್ ಪುಸ್ತಕವನ್ನೇ ತಂದಿದ್ದರು. ಬಡಾವಣೆಯ ತಗ್ಗಿನ ತುದಿಗೆ ನಡೆದು ಹೋದಾಗ ಕಾವಲಿಗಿದ್ದ ರಾಯಚೂರು ಕಡೆಯ ಹುಡುಗನನ್ನು ಈ ಪೈಪು ಮುಂದೆ ಎಲ್ಲಿಗೆ ಸೇರುತ್ತದಪ್ಪಾ ಎಂದು ಕೇಳಿದೆ.

“ಅಲ್ಲಿಗೇ ಮುಗೀತೈತ್ರಿ ಸರ. ಮುಂದ ಏನಿಲ್ರಿ,” ಎಂದು ಕಾಂಪೌಂಡಿನ ಆಚೆ ಕೈ ತೋರಿಸಿದ.

ಗೋಡೆಯ ಆಚೆ ಲಂಟಾನ ಪೊದೆ, ಅದರ ನಡುವೆ ಒಂಬತ್ತು ಇಂಚಿನ ಪೈಪಿನ ಬಾಯಿ, ಅದರ ಕೆಳಗೆ ಪಕ್ಕದ ರೈತನ ರಾಗಿ ಹೊಲ. ಆ ಹೊತ್ತಿಗೆ ಅದರಲ್ಲಿ ಬರುತ್ತಿದ್ದುದು ಬರೀ ಮಳೆನೀರು. ಮುನ್ನೂರು ಮನೆ ಎದ್ದ ಮೇಲೆ ಬರುವುದೇನೆಂದು ಯಾರಾದರೂ ಊಹಿಸಬಹುದು. ಡೆವಲಪರ್ ತನ್ನ ನಕ್ಷೆಯೊಳಗಿನ ಪೈಪನ್ನು ಹಾಕಿದ್ದ. ನಕ್ಷೆಯ ಹೊರಗೆ ಅದು ಸೇರಬೇಕಾದ ಮುಖ್ಯ ಕೊಳವೆ ಆ ಊರಿಗೇ ಬಂದಿರಲಿಲ್ಲ, ಕೊಳಚೆ ಸಂಸ್ಕರಣಾ ಘಟಕಕ್ಕೆಂದು ಗುರುತಿಸಿದ ಮೂಲೆಯಲ್ಲಿ ಜಲ್ಲಿ ರಾಶಿ ಬಿದ್ದಿತ್ತು. ಅಂದಿನಿಂದ ಯಾವ ಬಡಾವಣೆಗೆ ಹೋದರೂ ನಾನು ಮೊದಲು ತಗ್ಗಿನ ತುದಿಗೆ ಹೋಗುತ್ತೇನೆ. ಕಮಾನು, ಕಾರಂಜಿ, ಈಜುಕೊಳವೆಲ್ಲ ಸಾಮಾನ್ಯವಾಗಿ ಎತ್ತರದ ತುದಿಯಲ್ಲಿರುತ್ತವೆ.

ಡೆವಲಪರ್ ಎಲ್ಲಿಯವರೆಗೆ ನಿರ್ವಹಣೆ ಮಾಡುತ್ತಾನೆ ಮತ್ತು ಯಾವಾಗ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುತ್ತಾನೆ ಎಂಬುದನ್ನೂ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಹಸ್ತಾಂತರವಾಗದ ಬಡಾವಣೆಯಲ್ಲಿ ಬೀದಿದೀಪ ಕೆಟ್ಟರೆ ಪಂಚಾಯತಿಯವರು ಡೆವಲಪರ್ ಕಡೆಗೆ, ಡೆವಲಪರ್ ಪಂಚಾಯತಿಯ ಕಡೆಗೆ ಬೊಟ್ಟು ಮಾಡುತ್ತಾರೆ.

ರೆವಿನ್ಯೂ ಸೈಟು

ಭೂಪರಿವರ್ತನೆಯಾಗದ ಅಥವಾ ಪರಿವರ್ತನೆಯಾಗಿಯೂ ವಿನ್ಯಾಸ ಅನುಮೋದನೆಯಿಲ್ಲದ ಜಮೀನನ್ನು ಸೀಳಿ ಮಾರಿದ್ದಕ್ಕೆ ಈ ಹೆಸರು. ಬೆಂಗಳೂರಿನಲ್ಲಿ ಲಕ್ಷಾಂತರ ಕುಟುಂಬಗಳು ಇಂಥ ಸೈಟುಗಳಲ್ಲಿ ಮನೆ ಕಟ್ಟಿಕೊಂಡು ಬದುಕುತ್ತಿವೆ. ಅವರಲ್ಲಿ ಯಾರನ್ನೂ ನಾನು ದೂಷಿಸುವುದಿಲ್ಲ, ಏಕೆಂದರೆ ಯೋಜಿತ ಬಡಾವಣೆಗಳನ್ನು ಬೇಕಾದಷ್ಟು ಸಂಖ್ಯೆಯಲ್ಲಿ, ಬೇಕಾದ ಹೊತ್ತಿಗೆ ಕೊಡಲು ನಮ್ಮ ವ್ಯವಸ್ಥೆಗೆ ಆಗದೆ ಹೋದಾಗ ಗಾರ್ಮೆಂಟ್ಸ್ ಕೆಲಸದವರಿಗೂ ಆಟೊ ಓಡಿಸುವವರಿಗೂ ಉಳಿದದ್ದು ಇದೊಂದೇ ದಾರಿ.

ಆದರೆ ಇಂದು ಹೊಸದಾಗಿ ಕೊಳ್ಳುವವರಿಗೆ ಪರಿಸ್ಥಿತಿ ಹಿಂದಿನಂತಿಲ್ಲ. ನಿಯಮ ಮೀರಿದ ಆಸ್ತಿಗಳನ್ನು ಶುಲ್ಕ ಪಡೆದು ಕ್ರಮಬದ್ಧಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2024ರ ಅಕ್ಟೋಬರ್‌ನಿಂದ ಆಸ್ತಿ ನೋಂದಣಿಗೆ ಇ-ಖಾತೆ, ಅಂದರೆ ಆಸ್ತಿಯ ಗಣಕೀಕೃತ ಖಾತೆ, ಕಡ್ಡಾಯವಾಗಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರವಿಲ್ಲದ (ಅನುಮೋದಿತ ನಕ್ಷೆಯಂತೆ ಕಟ್ಟಿದೆ ಎಂಬ ಪ್ರಮಾಣಪತ್ರವಿಲ್ಲದ) ಕಟ್ಟಡಗಳಿಗೆ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬಾರದೆಂದು ಹೇಳಿತು, ಮರುವರ್ಷ ಮನೆ ಕಟ್ಟಿ ಮುಗಿಸಿದ್ದ ಸಾವಿರಾರು ಕುಟುಂಬಗಳು ಕಾಯಂ ಮೀಟರಿಲ್ಲದೆ ಪರದಾಡಿದವು. 2025ರಲ್ಲಿ ಸರ್ಕಾರ ಶುಲ್ಕ ಕಟ್ಟಿಸಿಕೊಂಡು ಅನುಮೋದನೆಯಿಲ್ಲದ ಆಸ್ತಿಗಳ ಬಿ ಖಾತೆಯನ್ನು ಕ್ರಮಬದ್ಧ ಆಸ್ತಿಗಳ ಎ ಖಾತೆ ಮಾಡಿಕೊಡುವ ದಾರಿಯೊಂದನ್ನು ತೆರೆಯಿತು. ಈಗಾಗಲೇ ಇರುವವರಿಗೆ ಅದು ದೊಡ್ಡ ಸಮಾಧಾನ, ಅದನ್ನು ಬಳಸಿಕೊಳ್ಳಬೇಕು. ಆದರೆ ಖಾತೆಯ ಅಕ್ಷರ ಬದಲಾದ ಮಾತ್ರಕ್ಕೆ ಇಪ್ಪತ್ತಡಿಯ ರಸ್ತೆ ಮೂವತ್ತಡಿಯಾಗುವುದಿಲ್ಲ, ಇಲ್ಲದ ಉದ್ಯಾನ ಬರುವುದೂ ಇಲ್ಲ.

ಪಂಚಾಯತಿ ವ್ಯಾಪ್ತಿಯಲ್ಲಾದರೆ ಅಲ್ಲಿನ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನ ನಮೂನೆಗಳನ್ನು ಗಮನಿಸಿ. ನಮೂನೆ 9 ಮತ್ತು 11ಎ ಇದ್ದರೆ ಅದು ಕ್ರಮಬದ್ಧ ಸ್ವತ್ತು, ‘11ಬಿ’ ಎಂದಿದ್ದರೆ ಅಲ್ಲ. ಮಾರುವವರು ಇವೆರಡನ್ನೂ ಸೇರಿಸಿ ‘ಇ-ಸ್ವತ್ತು ಆಗಿದೆ ಸಾರ್’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ರಾಷ್ಟ್ರೀಕೃತ ಬ್ಯಾಂಕು ಸಾಲ ಕೊಡಲು ಒಪ್ಪುತ್ತದೆಯೇ ಎಂಬುದು ಮತ್ತೊಂದು ನೇರ ಪರೀಕ್ಷೆ. ಸಾಲದ ಅಗತ್ಯವಿಲ್ಲದಿದ್ದರೂ ಕಾಗದಗಳನ್ನು ಬ್ಯಾಂಕಿಗೆ ಕೊಟ್ಟು ಅವರ ವಕೀಲರ ಅಭಿಪ್ರಾಯ ಕೇಳಿ.

ಅಪಾರ್ಟ್‌ಮೆಂಟ್

ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗೆ, ವಯಸ್ಸಾದ ತಂದೆತಾಯಿಯರನ್ನು ಒಂಟಿಯಾಗಿ ಬಿಟ್ಟುಹೋಗಬೇಕಾದವರಿಗೆ ಇದು ಒಳ್ಳೆಯ ಆಯ್ಕೆ. ಇಲ್ಲಿ ಹೊರಗಿನದಕ್ಕೆ ಯಾರು ಹೊಣೆ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟ: ನೀವೇ. ಲಿಫ್ಟು, ಜನರೇಟರು, ಕಾವಲು, ಕೊಳಚೆ ಸಂಸ್ಕರಣಾ ಘಟಕ ಎಲ್ಲದರ ಖರ್ಚೂ ಪ್ರತಿ ತಿಂಗಳು ಚದರ ಅಡಿಯ ಲೆಕ್ಕದಲ್ಲಿ ನಿಮ್ಮ ತಲೆಗೆ ಬರುತ್ತದೆ. ಮನೆಯ ಕಂತು ಹತ್ತಿಪ್ಪತ್ತು ವರ್ಷಕ್ಕೆ ತೀರುತ್ತದೆ, ಈ ನಿರ್ವಹಣಾ ಶುಲ್ಕ ತೀರುವಂಥದ್ದಲ್ಲ. ಕೊಳ್ಳುವ ಮುನ್ನ ಅದೇ ಕಟ್ಟಡದಲ್ಲಿ ಅಥವಾ ಅದೇ ಬಿಲ್ಡರನ ಹಳೆಯ ಕಟ್ಟಡದಲ್ಲಿ ವಾಸವಿರುವವರನ್ನು ಕಂಡು, ಬೇಸಿಗೆಯಲ್ಲಿ ಟ್ಯಾಂಕರಿಗೆ ಎಷ್ಟು ಖರ್ಚಾಗುತ್ತದೆ ಎಂದು ವಿಚಾರಿಸಿ.

ಭೂಮಿಯಲ್ಲಿ ನಿಮಗೆ ಬರುವ ಅವಿಭಜಿತ ಪಾಲು ಎಷ್ಟು ಚದರ ಅಡಿ ಎಂಬುದು ಕ್ರಯಪತ್ರದಲ್ಲಿರಬೇಕು. ಕಟ್ಟಡ ಹಳತಾಗುತ್ತಾ ಹೋದಂತೆ ಬೆಲೆ ಉಳಿಯುವುದು ಆ ಪಾಲಿಗೆ. ರೇರಾ ಕಾಯ್ದೆಯಲ್ಲಿ ಕಟ್ಟಡದ ರಚನೆಯ ದೋಷಗಳನ್ನು ಸ್ವಾಧೀನ ಕೊಟ್ಟ ಐದು ವರ್ಷದವರೆಗೆ ಬಿಲ್ಡರನೇ ಸರಿಪಡಿಸಬೇಕೆಂಬ ವಿಧಿಯಿದೆ. ಸೋರಿಕೆ, ಬಿರುಕು ಕಂಡ ಕೂಡಲೇ ಬರಹದಲ್ಲಿ ದೂರು ಕೊಡಿ, ಬಾಯಿಮಾತಿನಲ್ಲಿ ಮುಗಿಸಬೇಡಿ.

ನೀರನ್ನು ಬೇರೆಯಾಗಿಯೇ ನೋಡಿ

ಬಡಾವಣೆ ಯಾವ ಬಗೆಯದಾದರೂ ನೀರಿನ ಪ್ರಶ್ನೆ ಉಳಿಯುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಏರಿ ಬರಬೇಕು. 2024ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಐದನೇ ಹಂತವು ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು, ಮುಖ್ಯವಾಗಿ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ ತರುವ ಯೋಜನೆ. ನಿಮ್ಮ ಬಡಾವಣೆ ಆ ಹಳ್ಳಿಗಳ ಆಚೆ ಇದ್ದರೆ ‘ಕಾವೇರಿ ಬರುತ್ತದೆ’ ಎಂಬ ಮಾತನ್ನು ನಂಬಿ ಹಣ ಕೊಡಬೇಡಿ, ಬೋರ್‌ವೆಲ್ ಒಂದೇ ಗತಿ ಎಂದುಕೊಂಡೇ ಲೆಕ್ಕ ಹಾಕಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಹೊರವಲಯದ ದೊಡ್ಡ ದೊಡ್ಡ ಸಮುಚ್ಚಯಗಳೂ ಟ್ಯಾಂಕರ್ ಕಾದು ನಿಂತಿದ್ದನ್ನು ನಾವೆಲ್ಲ ಕಂಡಿದ್ದೇವೆ. ಏಪ್ರಿಲ್ ತಿಂಗಳಲ್ಲಿ ಒಮ್ಮೆ, ಜೋರು ಮಳೆ ಬಂದ ಮರುದಿನ ಒಮ್ಮೆ, ಹೀಗೆ ಎರಡು ಸಲ ಜಾಗ ನೋಡಿದರೆ ನೀರಿನ ಅಭಾವವೂ ತಿಳಿಯುತ್ತದೆ, ನೀರು ನಿಲ್ಲುವ ತಗ್ಗೂ ತಿಳಿಯುತ್ತದೆ.

ಇದರೊಂದಿಗೆ ಸರ್ವೆ ಇಲಾಖೆಯ ದಿಶಾಂಕ್ ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡು ಸೈಟಿನ ಮೇಲೆಯೇ ನಿಂತು ನೋಡಿ. ನೀವು ನಿಂತ ಜಾಗದ ಸರ್ವೆ ನಂಬರು, ಪಕ್ಕದ ಕೆರೆ, ಹಳ್ಳ, ಕಾಲುವೆ, ಗುಂಡುತೋಪುಗಳ ಗಡಿ ಅದರಲ್ಲಿ ಕಾಣುತ್ತವೆ. ಬೆಂಗಳೂರಿನ 2015ರ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25 ಮತ್ತು 15 ಮೀಟರುಗಳ ಕಾಯ್ದಿಟ್ಟ ವಲಯವನ್ನು ಹೇಳಿದೆ. ಮಣ್ಣು ತುಂಬಿ ಸಮತಟ್ಟು ಮಾಡಿದ ಹಳ್ಳ ಕಣ್ಣಿಗೆ ಕಾಣದಿದ್ದರೂ ಗ್ರಾಮನಕ್ಷೆಯಲ್ಲಿ ಗೆರೆಯಾಗಿ ಉಳಿದಿರುತ್ತದೆ. ಪಹಣಿಯಲ್ಲಿ ‘ಬಿ ಖರಾಬು’ ಎಂದು ನಮೂದಾದ ಗುಂಟೆಗಳು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಬಳಕೆಯ ಜಾಗ, ಅವುಗಳ ಮೇಲೆ ಸೈಟು ಬಿದ್ದಿದ್ದರೆ ಯಾವ ಕ್ರಯಪತ್ರವೂ ಕಾಪಾಡದು. ಮೂಲ ಜಮೀನು ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂಬುದನ್ನು ತಪ್ಪದೆ ವಿಚಾರಿಸಿ. ಇಂಥ ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಅದು ಪರಭಾರೆಯಾಗಿದ್ದರೆ ಆ ಮಾರಾಟ ಅಸಿಂಧು, 2023ರ ತಿದ್ದುಪಡಿಯ ನಂತರ ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಆ ಭೂಮಿ ಕೊಟ್ಟಿದ್ದು ನೆಲವಿಲ್ಲದವರ ಬಾಳು ಹಸನಾಗಲೆಂದು, ಆದ್ದರಿಂದ ಅಂಥ ಜಮೀನಿನ ಮೇಲೆ ಕಣ್ಣು ಹಾಕದಿರುವುದು ನ್ಯಾಯ.

ಯಾರಿಗೆ ಯಾವುದು

ವಯಸ್ಸು ಮೂವತ್ತೈದರೊಳಗಿದ್ದು, ಬಾಡಿಗೆ ಮನೆಯಲ್ಲಿ ಇನ್ನೂ ಎಂಟು-ಹತ್ತು ವರ್ಷ ಇರಲು ಅಡ್ಡಿಯಿಲ್ಲದವರು ಬಿಡಿಎ ಮತ್ತು ಗೃಹ ಮಂಡಳಿಗೆ ಅರ್ಜಿ ಹಾಕುತ್ತಲೇ ಇರಬೇಕು. ಕಾಯುವಿಕೆಯನ್ನು ತಾಳಿಕೊಳ್ಳುವ ಶಕ್ತಿ ಇರುವುದು ಆ ವಯಸ್ಸಿನಲ್ಲಿ. ನಿವೃತ್ತಿಗೆ ಐದು ವರ್ಷವಿರುವವರು ಹೊಸ ಅಧಿಸೂಚನೆಯ ಬಡಾವಣೆಯನ್ನು ನೆಚ್ಚಿಕೊಳ್ಳಬಾರದು. ಅವರಿಗೆ ಈಗಾಗಲೇ ಮನೆಗಳು ಎದ್ದಿರುವ, ಹತ್ತಾರು ವರ್ಷ ಹಳೆಯದಾದ ಬಡಾವಣೆಯಲ್ಲಿ ಮರುಮಾರಾಟಕ್ಕೆ ಬಂದ ಸಣ್ಣ ಸೈಟು ಅಥವಾ ಹಳೆಯ ಮನೆ ಮೇಲು, ಅದು ಸ್ವಲ್ಪ ದುಬಾರಿಯಾದರೂ ಸರಿ. ಎರಡು ವರ್ಷದೊಳಗೆ ಮನೆ ಕಟ್ಟಲೇಬೇಕೆನ್ನುವವರಿಗೆ ಅನುಮೋದಿತ ಖಾಸಗಿ ಬಡಾವಣೆಯೇ ಗತಿ. ಅಲ್ಲಿ ಆಗಲೇ ಕನಿಷ್ಠ ಹತ್ತಿಪ್ಪತ್ತು ಮನೆಗಳಲ್ಲಿ ಒಲೆ ಉರಿಯುತ್ತಿರಬೇಕು. ಹಣ ಹೂಡಿ ಬೆಲೆ ಏರಲೆಂದು ಕಾಯುವವರಿಗಾಗಿ ಇದನ್ನು ಬರೆದಿಲ್ಲ. ಖಾಲಿ ಸೈಟುಗಳೇ ತುಂಬಿರುವ ಬಡಾವಣೆಗೆ ಬಸ್ಸು ಬರುವುದಿಲ್ಲ, ಕಿರಾಣಿ ಅಂಗಡಿ ತೆರೆಯುವುದಿಲ್ಲ, ರಾತ್ರಿ ಹೆಣ್ಣುಮಕ್ಕಳು ಧೈರ್ಯವಾಗಿ ನಡೆದುಬರಲಾಗುವುದಿಲ್ಲ.

ಮೆಟ್ರೊ ಚಲ್ಲಘಟ್ಟಕ್ಕೆ 2023ರಲ್ಲಿ, ಮಾದಾವರಕ್ಕೆ 2024ರಲ್ಲಿ, ಬೊಮ್ಮಸಂದ್ರಕ್ಕೆ 2025ರಲ್ಲಿ ತಲುಪಿದ್ದರಿಂದ ಈ ಮೂರು ದಿಕ್ಕುಗಳಲ್ಲಿ ದೂರದ ಲೆಕ್ಕ ಬದಲಾಗಿದೆ. ಆದರೆ ಮಾರುವವರು ಹೇಳುವ ‘ಮೆಟ್ರೊದಿಂದ ಹತ್ತು ನಿಮಿಷ’ ಎಂಬುದನ್ನು ಸೋಮವಾರ ಬೆಳಗ್ಗೆ ಎಂಟೂವರೆಗೆ ನೀವೇ ಹೋಗಿ ಅಳೆಯಿರಿ, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ನಿಲ್ದಾಣದ ಮುಂದಿನ ಟೀ ಅಂಗಡಿಯವರನ್ನು ಕೇಳಿ.

ನನ್ನ ಭಾವನವರು ಆ ಭಾನುವಾರ ಚೆಕ್ ಬರೆಯಲಿಲ್ಲ. ಹದಿನಾಲ್ಕು ತಿಂಗಳು ಹುಡುಕಿದ ಮೇಲೆ ಅದೇ ತಾಲ್ಲೂಕಿನಲ್ಲಿ, ಇಪ್ಪತ್ತು-ಮೂವತ್ತರ ಚಿಕ್ಕ ಸೈಟೊಂದನ್ನು ಮರುಮಾರಾಟದಲ್ಲಿ ಕೊಂಡರು. ಮೊದಲು ಅಂದುಕೊಂಡಿದ್ದರ ಅರ್ಧದಷ್ಟು ಜಾಗಕ್ಕೆ ಹೆಚ್ಚುಕಡಿಮೆ ಅಷ್ಟೇ ಹಣ ಹೋಯಿತು. ಮೂಲ ಪತ್ರ, ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ, ಉದ್ಯಾನ ಬಿಟ್ಟುಕೊಟ್ಟ ಪತ್ರದ ಪ್ರತಿ, ಚೆಕ್ಕುಬಂದಿ ಸಮೇತ ಅಳತೆ ಮಾಡಿಸಿದ ನಕ್ಷೆ ಎಲ್ಲವೂ ಒಂದೇ ಕಡತದಲ್ಲಿವೆ. ಮನೆ ಚಿಕ್ಕದಾಯಿತೆಂದು ಅಕ್ಕ ಈಗಲೂ ಹೇಳುತ್ತಿರುತ್ತಾಳೆ. ಸಂಜೆ ಆರಕ್ಕೆ ಮೊಮ್ಮಗಳನ್ನು ಎದುರಿನ ಉದ್ಯಾನಕ್ಕೆ ಕರೆದುಕೊಂಡು ಹೋಗಿ, ಕತ್ತಲಾದ ಮೇಲೆಯೇ ಹಿಂದಿರುಗುತ್ತಾಳೆ.